ಹುಲಿಗೆಮ್ಮನ ಸಿಂಬಿ

ಆ ಸ್ಟೆಪ್ ನನ್ನದಲ್ಲ.

ಇಂದಿರಾನಗರದ ಸ್ಟುಡಿಯೋದಲ್ಲಿ ನಾನು ಕಲಿಸುವ ಮಕ್ಕಳು ಅದನ್ನು ‘ಕ್ರೌನ್’ ಎನ್ನುತ್ತಾರೆ. ಈ ಕಡೆಯ ಹಿಪ್ ಹಾಪ್ ಡ್ಯಾನ್ಸರುಗಳ ನಡುವೆ ನನ್ನ ಹೆಸರೆತ್ತಿದರೆ ಸಾಕು, ಯಾರಾದರೊಬ್ಬರು ತಲೆಯ ಮೇಲೆ ಕೈಯಿಟ್ಟು ಅದರ ಮೊದಲ ಭಂಗಿ ತೋರಿಸುತ್ತಾರೆ. ಅದು ಹುಲಿಗೆಮ್ಮನದು. ನಾನು ಕದ್ದೆ. ಬರೀ ಕದ್ದಿದ್ದರೆ — ಇಲ್ಲ, ‘ಬರೀ’ ಎಂಬ ಮಾತು ಬೇಡ. ಕದ್ದೆ; ಕದ್ದ ಮೇಲೆ ತುಂಬಿದ ಜನರ ನಡುವೆ ಅವಳನ್ನೇ ಕಳ್ಳಿ ಎಂದು ತೋರಿಸಿಕೊಟ್ಟೆ. ಜನ ನಂಬಿದರು. ಅಂದಿನಿಂದ ಅವಳು ಕುಣಿಯಲಿಲ್ಲ.

ಹೀಗೆ ನೇರವಾಗಿ ಬರೆದುಬಿಡಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಮನಸ್ಸಿನಲ್ಲಿ ನೂರು ಸಲ ಬರೆದಿದ್ದೇನೆ, ಪ್ರತಿ ಸಲವೂ ಮೊದಲು ನನ್ನ ಪರಿಸ್ಥಿತಿ ಬರುತ್ತಿತ್ತು, ನನ್ನ ಭಯ ಬರುತ್ತಿತ್ತು, ಕೊನೆಗೆ ಎಲ್ಲೋ ಮೂಲೆಯಲ್ಲಿ ಹುಲಿಗೆಮ್ಮ ಬರುತ್ತಿದ್ದಳು. ಈ ಸಲ ಅವಳಿಂದಲೇ ಶುರು ಮಾಡಿದ್ದೇನೆ. ಆದರೂ ಕಥೆ ಅರ್ಥವಾಗಬೇಕಾದರೆ ನನ್ನ ಬಗ್ಗೆ ಸ್ವಲ್ಪ ಹೇಳಲೇಬೇಕು.

ನಾನು ರಶ್ಮಿ. ಕೆ.ಆರ್. ಪುರದ ಹತ್ತಿರ, ಕಾರ್ಖಾನೆಯೊಂದರ ನೌಕರರ ಕಾಲೊನಿಯಲ್ಲಿ ಬೆಳೆದವಳು. ಅಪ್ಪ ಆ ಕಾರ್ಖಾನೆಯಲ್ಲಿಯೇ ಕೆಲಸಕ್ಕಿದ್ದರು. ನಮ್ಮ ಕಾಲೊನಿಯಲ್ಲಿ ಹೆಣ್ಣುಮಗು ಅಂದರೆ ಭರತನಾಟ್ಯಕ್ಕೆ ಸೇರಿಸುವುದು, ಗಂಡುಮಗು ಅಂದರೆ ಕ್ರಿಕೆಟ್ಟಿಗೆ ಬಿಡುವುದು. ಅಮ್ಮ ನನ್ನನ್ನೂ ಸೇರಿಸಿದ್ದಳು. ಒಂದು ವಿಷಯದಲ್ಲಿ ನಾನು ಬಲು ಜಾಣೆ — ಕಂಡದ್ದನ್ನು ಕಂಡ ಹಾಗೆ ಮಾಡಿಬಿಡುತ್ತಿದ್ದೆ. ಡ್ಯಾನ್ಸ್ ಟೀಚರ್ ಅಡವು ಹಾಕಿ ತೋರಿಸಿದರೆ ನಾನು ಅವರ ಸೊಂಟನೋವನ್ನೂ ಸೇರಿಸಿಯೇ ಹಾಕುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಟೀಚರ್ ಒಬ್ಬರನ್ನು ಬಿಟ್ಟು. ನನ್ನ ಭರತನಾಟ್ಯ ಅಲ್ಲಿಗೆ ಮುಗಿಯಿತು.

ಕಾಲೇಜಿಗೆ ಹೋಗುವಾಗ ಫೋನಿನಲ್ಲಿ ಒಬ್ಬನನ್ನು ನೋಡಿದೆ. ಯಾವುದೋ ದೂರದೇಶದ ಹಿಪ್ ಹಾಪ್ ಡ್ಯಾನ್ಸರ್. ಸಣಕಲು ಮೈ, ತಲೆಗೊಂದು ಗುಂಡನೆಯ ಟೋಪಿ. ಮೈಯ ಒಂದೊಂದೇ ಭಾಗವನ್ನು ತಾಳಕ್ಕೆ ಸರಿಯಾಗಿ ಬಿಗಿದು ಬಿಡುತ್ತಿದ್ದ — ಈಗ ಬರೀ ಭುಜ, ಈಗ ಬರೀ ಎದೆ, ಈಗ ಮೊಣಕಾಲು. ಇದನ್ನು ಪಾಪಿಂಗ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅವನ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ; ‘ಟೋಪಿಯಣ್ಣ’ ಎಂದು ಕರೆದೆ. ಅಮ್ಮ ಅಡುಗೆಮನೆಯಲ್ಲಿರುವಾಗ ನಡುಮನೆಯಲ್ಲಿ ಟಿವಿಯ ಕಪ್ಪು ಪರದೆಯ ಮುಂದೆ ನಿಂತು ಅವನ ಹಾಗೆಯೇ ಮೈ ಬಿಗಿಯುತ್ತಿದ್ದೆ. ಅಪ್ಪ ಪೇಪರಿನಿಂದ ತಲೆಯೆತ್ತಿ, “ಕರೆಂಟ್ ಹೊಡೆದೋರ್ ಥರ ಯಾಕೆ ಆಡ್ತಿದೀಯ?” ಎನ್ನುತ್ತಿದ್ದರು. ಅಪ್ಪನ ಮಾತಿಗೆ ಉತ್ತರ ಕೊಡಬೇಕು, ಈ ಕುಣಿತದಿಂದಲೇ ಏನಾದರೂ ಆಗಿ ತೋರಿಸಬೇಕು ಅನ್ನುವ ಹಟ ಆಗಲೇ ಹಿಡಿದಿತ್ತು.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ಹಿಡಿದು ಹಲಸೂರಿಗೆ ಹೋಗತೊಡಗಿದ್ದು ಆ ಹಟದಿಂದಲೇ. ಅಲ್ಲಿ ಮೆಟ್ರೊ ನಿಲ್ದಾಣದ ಹತ್ತಿರ ಒಂದು ಟೈಲ್ಸ್ ಅಂಗಡಿ. ಭಾನುವಾರ ಅದು ತೆರೆಯುವುದಿಲ್ಲ. ಅದರ ಉದ್ದನೆಯ ಗಾಜಿನ ಮುಂದೆ ಸೆಲ್ವಣ್ಣ ಬೆಳಿಗ್ಗೆ ಬೆಳಿಗ್ಗೆಯೇ ಸ್ಪೀಕರ್ ತಂದಿಟ್ಟು ಬಂದವರಿಗೆಲ್ಲ ಹಿಪ್ ಹಾಪ್ ಹೇಳಿಕೊಡುತ್ತಿದ್ದ. ಹಲಸೂರಿನಲ್ಲೇ ಹುಟ್ಟಿ ಬೆಳೆದವನು. ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಂದೇ ಉಸಿರಿನಲ್ಲಿ ಬೈಯಬಲ್ಲವನು. ಅಂಗಡಿಯ ಗಾಜೇ ನಮಗೆಲ್ಲ ಕನ್ನಡಿ.

ಹುಲಿಗೆಮ್ಮ ಸಿಕ್ಕಿದ್ದು ಅಲ್ಲಿ. ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್ ಗರ್ಲ್ ಆಗಿದ್ದಳು, ನನ್ನದೇ ವಯಸ್ಸು. ರಾಯಚೂರಿನ ಕಡೆಯವರು, ಅವಳು ಚಿಕ್ಕವಳಿದ್ದಾಗಲೇ ಅವ್ವನ ಜೊತೆ ಬೆಂಗಳೂರಿಗೆ ಬಂದಿದ್ದಳು. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಲಿಂಗರಾಜಪುರದಲ್ಲಿ ಒಂದು ಬಾಡಿಗೆ ರೂಮು. ಮೊದಲ ದಿನ ಸೀದಾ ಸೆಲ್ವಣ್ಣನ ಮುಂದೆ ಬಂದು ನಿಂತು, “ನನಗೂ ಕಲಸ್ರೀ ಅಣ್ಣಾರ” ಎಂದಳು. ಏನು ಕಲಿಯಬೇಕು ಎಂದು ಅವನು ಕೇಳಿದ್ದಕ್ಕೆ ಫೋನು ತೆಗೆದು ತೋರಿಸಿದಳು. ಪರದೆ ಒಡೆದು ಬಲೆಯಂತಾಗಿದ್ದ ಆ ಫೋನಿನೊಳಗೆ — ನಮ್ಮ ಟೋಪಿಯಣ್ಣ!

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. “ಇವನ ಮೈಯಾಗ ಎಲುಬು ಅದಾವೋ ಇಲ್ಲೋ ಅಂತ ನನಗ ಅನುಮಾನ,” ಎಂದಳು. ಅಲ್ಲಿಂದ ನಾವಿಬ್ಬರೂ ಜೋಡಿ. ಅವಳ ಹೆಸರು ಹುಲಿಗಿ ಆಯಿತು. ಟೋಪಿಯಣ್ಣನ ಒಂದೊಂದು ವೀಡಿಯೊವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ, ಅವನ ಹಾಗೆಯೇ ಕುಣಿಯುವುದು ನಮ್ಮ ಕೆಲಸ. ನನಗೆ ಬೇಗ ಹತ್ತುತ್ತಿತ್ತು, ಅವಳಿಗೆ ನಿಧಾನ. ನಾನು ತಿದ್ದುತ್ತಿದ್ದೆ. ಅವಳ ಭುಜ ಹಿಡಿದು ಹಿಂದಕ್ಕೆ ಎಳೆಯುವುದು, ಸೊಂಟ ತಳ್ಳುವುದು, “ಅಲ್ಲ ಕಣೇ, ಹೀಗೆ” ಎನ್ನುವುದು. ಇದನ್ನು ಸೆಲ್ವಣ್ಣ ವಾರ ವಾರವೂ ನೋಡುತ್ತಿದ್ದ. ಅದು ಮುಂದೆ ನನ್ನ ಸುಳ್ಳಿಗೆ ಸಾಕ್ಷಿಯಾಯಿತು ಅನ್ನುವುದನ್ನು ನೆನೆದರೆ —

ಸೆಲ್ವಣ್ಣನಿಗೆ ಇದ್ದದ್ದು ಒಂದೇ ಕಟ್ಟಳೆ. “ಇಲ್ಲಿ ಗಾಜಿನ ಮುಂದೆ ಎಷ್ಟ್ ಬೇಕಾದ್ರೂ ಕಾಪಿ ಹೊಡೀಮ್ಮಾ. ನಾನೂ ಕಾಪಿ ಹೊಡ್ದೇ ಕಲ್ತಿದ್ದು. ಆದ್ರೆ ಸರ್ಕಲ್ ಒಳಗೆ ಕಾಲಿಟ್ರೆ ನಿಂದೇ ತಗೊಂಡ್ ಬಾ. ಇಲ್ಲಾಂದ್ರೆ ಮನೇಲೇ ಇರು.” ಸರ್ಕಲ್ ಎಂದರೆ ಡ್ಯಾನ್ಸರುಗಳು ಸುತ್ತುಗಟ್ಟಿ ನಿಂತು, ನಡುವೆ ಒಬ್ಬೊಬ್ಬರಾಗಿ ಇಳಿದು ಕುಣಿಯುವ ಜಾಗ. ಅಲ್ಲಿ ಇನ್ನೊಬ್ಬರ ಸ್ಟೆಪ್ ಹಾಕುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಹಾಕಿದರೆ ಎದುರಾಳಿ ಮಾತನಾಡುವುದಿಲ್ಲ. ಎರಡೂ ಮುಂಗೈಗಳನ್ನು ಒಂದರ ಮೇಲೊಂದು ತಂದು, ಮೊಸಳೆ ಬಾಯಿ ತೆರೆದು ಮುಚ್ಚುವ ಹಾಗೆ ಬಡಿಯುತ್ತಾನೆ. ‘ನೀನು ಬೇರೆಯವರದನ್ನು ಕಚ್ಚಿಕೊಂಡು ಬಂದಿದ್ದೀಯ’ ಎಂದು ಅರ್ಥ. ನೋಡುವವರೂ ಸೇರಿಕೊಂಡು ಬಡಿಯುತ್ತಾರೆ. ಒಮ್ಮೆ ಮೊಸಳೆ ಬಿದ್ದವನು ಮತ್ತೆ ಸರ್ಕಲ್ಲಿಗೆ ಬರಲು ನಾಚುತ್ತಾನೆ.

ನನ್ನ ತೊಂದರೆ ಅಲ್ಲಿತ್ತು. ನನಗೆ ಎಲ್ಲರದೂ ಬರುತ್ತಿತ್ತು, ನನ್ನದು ಅನ್ನುವುದು ಒಂದೂ ಇರಲಿಲ್ಲ. ಕಣ್ಣು ಮುಚ್ಚಿ ಕುಣಿದರೂ ಟೋಪಿಯಣ್ಣನೇ ಬರುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಹುಲಿಗಿಗೂ ಹೇಳಲಿಲ್ಲ.

ಅವಳ ತೊಂದರೆ ಬೇರೆ — ಅವಳ ಕುತ್ತಿಗೆ. ಮೈಯೆಲ್ಲ ಸಡಿಲವಾದರೂ ಕುತ್ತಿಗೆ ಮಾತ್ರ ನೆಟ್ಟಗೆ ಕಂಬ. “ಕತ್ತಿಗೆ ಕಾಂಕ್ರೀಟ್ ಹಾಕ್ಸಿದೀಯೇನಮ್ಮಾ?” ಎಂದು ಸೆಲ್ವಣ್ಣ ರೇಗಿಸುತ್ತಿದ್ದ. ನಾನೂ ರೇಗಿಸುತ್ತಿದ್ದೆ. ಒಂದು ಭಾನುವಾರ ಅವಳ ರೂಮಿಗೆ ಊಟಕ್ಕೆ ಹೋಗಿದ್ದಾಗ ಆ ಮಾತು ಮತ್ತೆ ಬಂತು. ಅವಳು ನಗಲಿಲ್ಲ. “ಸಣ್ಣಾಕಿ ಇದ್ದಾಗ ಅವ್ವನ ಕೂಡ ನಾನೂ ಮರಳು ಹೊತ್ತೀನಿ. ಕುತ್ತಿಗಿ ಹಂದ್ಯಾಡಿದ್ರ ಬಾಂಡ್ಲಿ ಕಾಲ ಮ್ಯಾಲ ಬೀಳತೈತಿ. ಹಂದ್ಯಾಡಬ್ಯಾಡ ಹಂದ್ಯಾಡಬ್ಯಾಡ ಅಂತ ಬೈಸಿಕೊಂಡ ಕುತ್ತಿಗಿ ಇದು. ಈಗ ಕುಣಿ ಅಂದ್ರ ಹೆಂಗ ಕುಣಿತೈತಿ?”

ಹಾಗೆಂದವಳೇ ಎದ್ದಳು. ದುಪಟ್ಟಾವನ್ನು ಸುತ್ತಿ ಸುತ್ತಿ ಬಳೆಯಾಗಿಸಿ ತಲೆಯ ಮೇಲಿಟ್ಟುಕೊಂಡಳು. ಕಟ್ಟಡದ ಹೆಂಗಸರು ಬಾಂಡ್ಲಿಯ ಕೆಳಗೆ ಇಟ್ಟುಕೊಳ್ಳುವ ಸಿಂಬಿ. ಅದರ ಮೇಲೆ ಕಾಣದ ಹೊರೆಯೊಂದನ್ನು ಎತ್ತಿಟ್ಟು ಒಂದು ಕೈ ಮೇಲೆ ಮಾಡಿದಳು. ಹಿಡಿಯಲಿಲ್ಲ, ಬೆರಳ ತುದಿಯಿಂದ ಮುಟ್ಟಿದಳು ಅಷ್ಟೇ. ಆಮೇಲೆ — ಹೇಗೆ ಬರೆಯಲಿ ಅದನ್ನು? ತಲೆ ಇದ್ದಲ್ಲಿಯೇ ಇತ್ತು. ಕೂದಲೆಳೆಯಷ್ಟೂ ಅಲುಗಲಿಲ್ಲ. ಅದರ ಕೆಳಗಿನ ಮೈಯೆಲ್ಲ ತುಂಡು ತುಂಡಾಗಿ ಮುರಿಯುತ್ತ, ಕೂಡುತ್ತ, ಮೊಣಕಾಲು ಕುಸಿಯುತ್ತ, ಸೊಂಟ ಜಾರುತ್ತ ನಡೆಯಿತು. ಕೊನೆಯಲ್ಲಿ ಬಗ್ಗಿ ಹೊರೆಯನ್ನು ಇಳಿಸಿ, ಸಿಂಬಿ ತೆಗೆದಳು. ಆಗ, ಅಷ್ಟು ಹೊತ್ತು ಕಲ್ಲಾಗಿದ್ದ ಕುತ್ತಿಗೆ ಮೊದಲ ಸಲ ಸಡಿಲಾಗಿ ತಲೆ ಮೆಲ್ಲಗೆ ಒಂದು ಬದಿಗೆ ವಾಲಿತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದ್ದರು. “ಹೊರಿ ಇಳಿಸಿದ ಮ್ಯಾಲ ಹಂಗೇ ಆಗತೈತಿ ನೋಡವ್ವಾ,” ಎಂದರು ನನಗೆ. “ಕುತ್ತಿಗಿ ನಂದಲ್ಲೇನೋ ಅನ್ನಿಸತೈತಿ.”

ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂತೋಷದ ಅಡಿಯಲ್ಲಿ ಇನ್ನೊಂದು ಇತ್ತು, ಅದರ ಹೆಸರು ಹೊಟ್ಟೆಕಿಚ್ಚು.

ಇಂದಿರಾನಗರದಲ್ಲಿ ಒಂದು ದೊಡ್ಡ ಬ್ಯಾಟಲ್ — ಸರ್ಕಲ್ಲಿನಲ್ಲಿ ಇಬ್ಬಿಬ್ಬರು ಎದುರುಬದುರು ಕುಣಿಯುವ ಸ್ಪರ್ಧೆ — ನಡೆಯುವುದಿತ್ತು. ಗೆದ್ದವರಿಗೆ ಅಲ್ಲಿನ ಸ್ಟುಡಿಯೋದಲ್ಲಿ ಕಲಿಸುವ ಕೆಲಸ. ಹುಲಿಗಿ ತನ್ನ ಸಿಂಬಿಯನ್ನು ಅಲ್ಲಿಯೇ ಮೊದಲು ತೋರಿಸಬೇಕೆಂದು ನಿಶ್ಚಯಿಸಿದಳು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳಬಾರದು. ಹಾಗಾಗಿ ಟೈಲ್ಸ್ ಅಂಗಡಿಯ ಗಾಜಿನ ಮುಂದೆ ಅಭ್ಯಾಸ ಮಾಡುವ ಹಾಗಿಲ್ಲ. ರೂಮಿನಲ್ಲಿ ಇದ್ದದ್ದು ಅಂಗೈಯಗಲದ ಒಂದು ಕನ್ನಡಿ, ಅದರಲ್ಲಿ ಮುಖದ ಅರ್ಧವೂ ಕಾಣುತ್ತಿರಲಿಲ್ಲ. ಅವಳ ಫೋನಿನ ಕ್ಯಾಮೆರಾ ಕೆಟ್ಟಿತ್ತು. ನನ್ನದರಲ್ಲಿ ತೆಗೆಯುತ್ತೇನೆಂದರೆ ಬೇಡವೇ ಬೇಡ ಎಂದಳು, ಎಲ್ಲಿಯಾದರೂ ಯಾರಿಗಾದರೂ ಹೋಗಿಬಿಟ್ಟೀತು ಎಂಬ ಅಂಜಿಕೆ. ನಾವು ಡ್ಯಾನ್ಸರುಗಳು ಕನ್ನಡಿಯಿಲ್ಲದ ಕಡೆ ಮಾಡುವ ಒಂದು ಉಪಾಯವಿದೆ — ಜೊತೆಗಾರರು ನಮ್ಮ ಸ್ಟೆಪ್ ಕಲಿತು ನಮ್ಮ ಮುಂದೆ ಮಾಡಿ ತೋರಿಸುವುದು. ಹುಲಿಗಿಯೂ ಹಾಗೆಯೇ ಕೇಳಿದಳು. “ನೀ ಮಾಡು. ನಾ ಹೆಂಗ ಕಾಣತೀನಿ ಅಂತ ನೋಡತೀನಿ.”

ನಾನು ಅವಳ ಕನ್ನಡಿಯಾದೆ. ಎಲ್ಲರದೂ ಬರುವ ನನಗೆ ಅದು ಬರುವುದೇನು ಕಷ್ಟ? ಅವಳು ಎದುರು ಕೂತು ನೋಡುತ್ತಿದ್ದಳು, “ಇಲ್ಲಿ ಅವಸರ ಆಗತೈತಿ”, “ಇಲ್ಲಿ ಇನ್ನೂ ಭಾರ ಬೇಕು” ಎಂದು ನನ್ನನ್ನು ತಿದ್ದುತ್ತಿದ್ದಳು, ನನ್ನನ್ನು ತಿದ್ದಿ ತನ್ನನ್ನು ತಿದ್ದಿಕೊಳ್ಳುತ್ತಿದ್ದಳು. ಕೊನೆಯಲ್ಲಿ ತಲೆ ವಾಲುವ ಗಳಿಗೆ ಮಾತ್ರ ನನಗೆ ಎಷ್ಟು ಮಾಡಿದರೂ ಒಲಿಯಲಿಲ್ಲ. ನನ್ನ ತಲೆ ವಾಲುತ್ತಿತ್ತು, ಆದರೆ ಅದರ ಮೇಲೆ ಏನೂ ಇದ್ದಂತೆ ಕಾಣುತ್ತಿರಲಿಲ್ಲ. ಅವಳು ನಗುತ್ತಿದ್ದಳು: “ಇರಲಿ ಬಿಡು, ನೀ ಕನ್ನಡಿ. ಕನ್ನಡಿಗ್ಯಾಕ ಹೊರಿ?”

ಬ್ಯಾಟಲ್ ನಡೆದದ್ದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಕಾರುಗಳನ್ನೆಲ್ಲ ತೆಗೆಸಿ ನೆಲ ತೊಳೆದಿದ್ದರು. ಮಧ್ಯಾಹ್ನದ ಸೆಕೆ, ಜನವೋ ಜನ. ಒಬ್ಬೊಬ್ಬರೇ ಸೋತು ಹೋಗುತ್ತ, ಕೊನೆಗೆ ಉಳಿದವರಲ್ಲಿ ನಾವಿಬ್ಬರೂ ಇದ್ದೆವು. ಹುಲಿಗಿ ಅಲ್ಲಿಯವರೆಗೆ ಸಿಂಬಿಯನ್ನು ಮುಟ್ಟಿಯೇ ಇರಲಿಲ್ಲ. ಚೀಟಿ ಎತ್ತಿದಾಗ ಎದುರುಬದುರು ಬಂದದ್ದು ನಾವೇ. ಅವಳು ನನ್ನ ಕೈ ಅದುಮಿ, “ಯಾರು ಗೆದ್ರೂ ನಮ್ಮಾಕೀನ ಬಿಡು,” ಎಂದಳು.

ನೆಲದ ಮೇಲೆ ನೀರಿನ ಬಾಟಲಿ ತಿರುಗಿಸಿದರು. ಮೊದಲು ಇಳಿಯುವ ಪಾಳಿ ನನಗೆ ಬಂತು.

ನಾನು ಟೋಪಿಯಣ್ಣನನ್ನು ಹಾಕಿದೆ. ಚೆನ್ನಾಗಿಯೇ ಹಾಕಿದೆ. ಆದರೆ ಜನ ಕೈಕಟ್ಟಿ ನಿಂತಿದ್ದರು. ಹಿಂದಿನಿಂದ ಯಾರೋ ಕೂಗಿದ, “ಇದೆಲ್ಲ ಫೋನಲ್ಲೇ ನೋಡಿದೀವಿ ಮಗಾ, ಹೊಸದೇನಾದ್ರೂ ಇದ್ರೆ ತೋರ್ಸು!” ಎಲ್ಲರೂ ಗೊಳ್ಳೆಂದು ನಕ್ಕರು. ಹಾಡು ಇನ್ನೂ ನಡೆಯುತ್ತಿತ್ತು. ಅಪ್ಪನ ಮುಖ ಕಣ್ಣೆದುರು ಬಂತು, ಭರತನಾಟ್ಯದ ಟೀಚರ್ ಮುಖವೂ. ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ತಾನಾಗಿ ಹೋಗಲಿಲ್ಲ. ನಾನು ಎತ್ತಿದೆ. ಎತ್ತುವಾಗ ಹುಲಿಗಿಯನ್ನು ನೋಡಬಾರದೆಂದು ಇನ್ನೊಂದು ಬದಿಗೆ ತಿರುಗಿಕೊಂಡೆ — ಅಷ್ಟು ಯೋಚನೆ ಮಾಡಲು ನನಗೆ ಪುರುಸೊತ್ತಿತ್ತು.

ಸಿಂಬಿ ಮುಗಿದಾಗ ನೆಲಮಾಳಿಗೆ ಹುಚ್ಚೆದ್ದು ಕೂಗುತ್ತಿತ್ತು.

ಹುಲಿಗಿಯ ಪಾಳಿ. ಅವಳು ಬೇರೇನಾದರೂ ಹಾಕಬಹುದಿತ್ತು. ಹಾಕಲಿಲ್ಲ. ಅವಳದನ್ನು ಅವಳು ಹಾಕಬೇಕಿತ್ತು, ಅಷ್ಟೇ. ಕೈ ಮೇಲೆತ್ತಿದಳು, ಬೆರಳ ತುದಿಯಿಂದ ಗಾಳಿಯನ್ನು ಮುಟ್ಟಿದಳು. ಮೊದಲ ಹೆಜ್ಜೆಯಲ್ಲೇ ತಿಳಿಯಿತು — ಎರಡು ಗಳಿಗೆ ಬಿಟ್ಟರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಯಾವುದು ಅಸಲು ಯಾವುದು ಕನ್ನಡಿ ಎಂದು. ಆ ಎರಡು ಗಳಿಗೆಯನ್ನು ನಾನು ಬಿಡಲಿಲ್ಲ. ಮುಂಗೈಗಳನ್ನು ಜೋಡಿಸಿ ಮೊಸಳೆ ಬಡಿದೆ.

ಒಂದು ಸಲ ಸಾಕಾಯಿತು. ಉಳಿದದ್ದನ್ನು ಜನ ನೋಡಿಕೊಂಡರು. ಸುತ್ತಲೂ ಕೈಗಳು ಬಡಿಯುತ್ತಿದ್ದವು, ಶಿಳ್ಳೆ, ನಗು. ಹುಲಿಗಿ ನಿಂತಳು. ಕೈ ಇನ್ನೂ ತಲೆಯ ಮೇಲೆಯೇ ಇತ್ತು, ತಲೆ ಅಲುಗಿರಲಿಲ್ಲ. ನನ್ನನ್ನೇ ನೋಡುತ್ತ, “ರಶ್ಮಿ, ನೀನ ಹೇಳು,” ಎಂದಳು. ಅಷ್ಟೇ ಅಂದದ್ದು. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿರಲಾರದು. ನನಗೆ ಕೇಳಿಸಿತು.

ನಾನು ಹೇಳಲಿಲ್ಲ. ಅವಳು ಹೊರೆಯನ್ನು ಇಳಿಸದೆಯೇ ಸರ್ಕಲ್ಲಿನಿಂದ ಹೊರಗೆ ನಡೆದಳು.

ಬ್ಯಾಟಲ್ ನೋಡಲು ಬಂದಿದ್ದ ಸೆಲ್ವಣ್ಣ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. “ನಿಜ ಹೇಳಮ್ಮಾ. ಅದು ಯಾರ್ದು?”

“ನಂದೇ ಅಣ್ಣ.”

ಎಷ್ಟು ಸಲೀಸಾಗಿ ಬಂತು ಆ ಮಾತು. ಅವನು ತಲೆಯಾಡಿಸಿದ. ನಾನು ಹುಲಿಗಿಗೆ ತಿದ್ದಿ ಹೇಳಿಕೊಡುವುದನ್ನು ಪ್ರತಿ ಭಾನುವಾರ ಕಂಡವನಿಗೆ ನಂಬದಿರಲು ಕಾರಣವೇ ಇರಲಿಲ್ಲ. ತಪ್ಪೊಪ್ಪಿಕೊಳ್ಳುವವರೆಗೆ ಗಾಜಿನ ಮುಂದೆ ಬರಬೇಡ ಎಂದು ಅವಳಿಗೆ ಅವನೇ ಹೇಳಿ ಕಳಿಸಿದ. ಅವಳು ಬಯಸಿದ್ದರೆ ಅವ್ವನನ್ನು ಕರೆತಂದು ಸಾಕ್ಷಿ ಹೇಳಿಸಬಹುದಿತ್ತು. ಕರೆತರಲಿಲ್ಲ. ಎಷ್ಟೋ ದಿನ ನಾನು ಅದಕ್ಕೆ ಹೆದರಿಕೊಂಡೇ ಇದ್ದೆ, ಅವಳು ಬರುತ್ತಿಲ್ಲವೆಂದು ನಿಧಾನವಾಗಿ ಧೈರ್ಯ ತಂದುಕೊಂಡೆ.

ನಾನು ಗೆದ್ದೆ. ಸ್ಟುಡಿಯೋದ ಕೆಲಸ ಸಿಕ್ಕಿತು. ಅಪ್ಪ ಕಾಲೊನಿಯವರಿಗೆಲ್ಲ ಸ್ವೀಟು ಹಂಚಿದರು. ಸಿಂಬಿ ಎಂದರೆ ಇಂದಿರಾನಗರದಲ್ಲಿ ಯಾರಿಗೆ ತಿಳಿಯುತ್ತದೆ ಎಂದು ‘ಕ್ರೌನ್’ ಎಂದು ಹೆಸರಿಟ್ಟೆ. ಹೆಸರು ಬದಲಾದ ಮೇಲೆ ಅದು ನಿಜವಾಗಿಯೂ ನನ್ನದೇ ಇರಬಹುದು ಎಂದು ಕೆಲವು ದಿನ ಅನ್ನಿಸಿದ್ದೂ ಉಂಟು. ತಿದ್ದಿದ್ದು ನಾನಲ್ಲವೇ, ಅವಳಿಗೆ ಪಾಪಿಂಗ್ ಹೇಳಿಕೊಟ್ಟದ್ದು ನಾನಲ್ಲವೇ — ಇಂಥ ಎಷ್ಟೋ ಮಾತುಗಳು. ಒಂದೂ ರಾತ್ರಿಯವರೆಗೆ ಬಾಳುತ್ತಿರಲಿಲ್ಲ.

ಒಮ್ಮೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಅವ್ವ ಎದುರಾದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನಮ್ಮ ಹುಲಿಗಿ ಕುಣಿಯಾದು ಯಾಕ ಬಿಟ್ಲವ್ವಾ? ಎಷ್ಟು ಕೇಳಿದ್ರೂ ಬಾಯಿ ಬಿಡಂಗಿಲ್ಲ. ನಿನಗರ ಏನಾರ ಹೇಳ್ಯಾಳೇನು?”

ಹಾಗಾದರೆ ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ. “ಅಂಗಡೀಲಿ ಕೆಲ್ಸ ಜಾಸ್ತಿ ಇರ್ಬೇಕು ಅಮ್ಮ,” ಎಂದೆ. “ಹೌದು, ದಣಿತಾಳ,” ಎಂದು ಅವರು ನಂಬಿದರು. ಊಟಕ್ಕೆ ಬಾ ಎಂದು ಮೂರು ಮೂರು ಸಲ ಕರೆದು ಹೋದರು. ನಾನು ಹೋಗಲಿಲ್ಲ.

ಹೀಗೆಯೇ ಜೀವನ ಕಳೆದುಹೋಗುತ್ತಿತ್ತೇನೋ. ಕೆಲವು ತಿಂಗಳ ಹಿಂದೆ ಒಂದು ಸಂಜೆ, ಕ್ಲಾಸಿನ ನಡುವೆ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದು ಕಿಲಕಿಲ ನಗುತ್ತಿದ್ದರು. ಸ್ಟುಡಿಯೋದ ಎದುರಿಗೆ ಒಂದು ಕಟ್ಟಡ ಏಳುತ್ತಿದೆ. ಅನ್ವಿ ಎಂಬ ಚುರುಕು ಹುಡುಗಿ, ನನ್ನ ಮುದ್ದಿನ ಶಿಷ್ಯೆ, ಕುಣಿಯುತ್ತ ಬಂದು ನನ್ನ ಕೈ ಎಳೆದಳು. “ಮಿಸ್, ಮಿಸ್, ಬೇಗ ಬನ್ನಿ! ಆ ಆಂಟಿ ನಿಮ್ಮ ಕ್ರೌನ್ ಕಾಪಿ ಮಾಡ್ತಿದಾರೆ!”

ನೋಡಿದೆ. ಒಬ್ಬ ಹೆಂಗಸು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮರಳಿನ ಬಾಂಡ್ಲಿ ಹೊತ್ತು ಹಲಗೆಯ ಮೇಲೆ ಹತ್ತುತ್ತಿದ್ದಳು. ಒಂದು ಕೈ ಮೇಲೆ, ಬೆರಳ ತುದಿ ಮಾತ್ರ ತಾಗಿಸಿ. ಅನ್ವಿ ಗಾಜಿಗೆ ಒತ್ತಿ ನಿಂತು, ತನ್ನ ಪುಟ್ಟ ಮುಂಗೈಗಳನ್ನು ಜೋಡಿಸಿ ಅವಳತ್ತ ಮೊಸಳೆ ಬಡಿದಳು. ಉಳಿದ ಮಕ್ಕಳೂ ಬಡಿದರು. ಅದನ್ನು ಅವರಿಗೆ ಕಲಿಸಿದವಳು ನಾನೇ.

ಹೆಂಗಸು ತಿರುಗಿ ನೋಡಲಿಲ್ಲ. ನೋಡುವಂತಿರಲಿಲ್ಲ, ತಲೆಯ ಮೇಲೆ ಹೊರೆಯಿತ್ತು.

ಆ ದಿನ ಕ್ಲಾಸು ಮುಂದುವರಿಸಲು ನನ್ನಿಂದ ಆಗಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದನ್ನು ಇಲ್ಲಿ ಬರೆಯುವುದು ಕನಿಕರಕ್ಕಲ್ಲ. ಅಷ್ಟು ವರ್ಷಗಳಲ್ಲಿ ಹುಲಿಗಿಗಾಗಿ ನಾನು ಅತ್ತದ್ದು ಅದೇ ಮೊದಲು, ಅದನ್ನು ಹೇಳಬೇಕಿತ್ತು.

ಭಾನುವಾರ ಹಲಸೂರಿಗೆ ಹೋದೆ. ಸೆಲ್ವಣ್ಣನ ತಲೆಗೂದಲು ನೆರೆಯತೊಡಗಿದೆ, ಗಾಜು ಅದೇ. ಎಲ್ಲವನ್ನೂ ಹೇಳಿದೆ. ಅವನು ಸ್ಪೀಕರಿನ ವಯರು ಸುತ್ತಿಟ್ಟ. “ಅವತ್ತು ನಾನ್ ಕೇಳಿದ್ದು ನಿನ್ನನ್ನ ಮಾತ್ರ,” ಎಂದ. “ಆ ಹುಡ್ಗೀನ ಒಂದ್ ಮಾತೂ ಕೇಳ್ಲಿಲ್ಲ ನೋಡು. ನಂದೂ ತಪ್ಪೇ ಅಮ್ಮಾ.” ಆಮೇಲೆ ಬೈದ, ಮೂರೂ ಭಾಷೆಗಳಲ್ಲಿ ಬೈದ. ಕೊನೆಗೆ, “ಎಲ್ಲಿ ಹೇಳ್ದ್ಯೋ ಅಲ್ಲೇ ಹೋಗಿ ವಾಪಸ್ ಹೇಳು,” ಎಂದ.

ಮುಂದಿನ ಬ್ಯಾಟಲ್ ದಿನ ಸರ್ಕಲ್ಲಿನ ನಡುವೆ ನಿಂತು ಹೇಳಿದೆ. ಮೊಸಳೆಯನ್ನು ನನ್ನ ಮುಖಕ್ಕೇ ತಿರುಗಿಸಿ ಬಡಿದುಕೊಂಡೆ. ಯಾರೂ ನಗಲಿಲ್ಲ. ಹುಲಿಗಿಗೆ ಮೊಸಳೆ ಬಿದ್ದ ದಿನ ಇದ್ದವರಲ್ಲಿ ಕೆಲವರು ತಲೆ ತಗ್ಗಿಸಿದರು. ಹೊಸ ಹುಡುಗರು ಹುಲಿಗೆಮ್ಮ ಯಾರು ಎಂದು ಪಕ್ಕದವರನ್ನು ಕೇಳುತ್ತಿದ್ದರು. ಸ್ಟುಡಿಯೋದಲ್ಲಿ ಮಕ್ಕಳಿಗೂ ಹೇಳಿದೆ. ಅದರ ಹೆಸರು ಸಿಂಬಿ, ಅದು ನನ್ನದಲ್ಲ, ಇನ್ನು ನಾನು ಕಲಿಸುವುದಿಲ್ಲ. ಅನ್ವಿ ಅಂದಿನಿಂದ ನನ್ನ ಕೈ ಹಿಡಿದು ಎಳೆಯುವುದಿಲ್ಲ.

ಉಳಿದದ್ದು ಹುಲಿಗಿ. ಲಿಂಗರಾಜಪುರದ ರೂಮಿನಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯವರು ಟಿನ್ ಫ್ಯಾಕ್ಟರಿಯ ಹಿಂದಿನ ಒಂದು ಗಲ್ಲಿಯ ಗುರುತು ಹೇಳಿದರು. ನಮ್ಮ ಕಾಲೊನಿಗೆ ಅಷ್ಟು ಹತ್ತಿರ! ಪ್ರತಿದಿನ ನಾನು ಬಸ್ ಹಿಡಿಯುವ ಜಾಗದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವಳಿದ್ದಳು.

ಬಾಗಿಲು ತೆರೆದೇ ಇತ್ತು. ಹೊಲಿಗೆ ಮಷೀನಿನ ಮುಂದೆ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. “ಬಾ,” ಎಂದಳು. ಬಾಗಿಲಲ್ಲಿ ನಿಂತೇ ಎಲ್ಲ ಒಪ್ಪಿಸಿದೆ, ಎಲ್ಲಿ ಕೂತರೆ ಹೇಳಲಾಗುವುದಿಲ್ಲವೋ ಎಂದು.

“ಆತಾ?” ಎಂದಳು, ಮುಗಿದ ಮೇಲೆ.

“ಅದು ನಿಂದೂಂತ ಸರ್ಕಲ್ಲಲ್ಲಿ ಹೇಳ್ದೆ ಹುಲಿಗಿ. ಸೆಲ್ವಣ್ಣ, ಎಲ್ರಿಗೂ—”

“ನಂದು ಅಂತ ನನಗ ಗೊತ್ತಿತ್ತಲ್ಲ.”

“ವಾಪಸ್ ಬಾ. ಒಂದೇ ಒಂದ್ ಸಲ—”

ಅವಳು ದಾರ ಕಚ್ಚಿ ಕತ್ತರಿಸಿದಳು. “ಬರಂಗಿಲ್ಲ ರಶ್ಮಿ. ಸಿಟ್ಟಿಗೆ ಹೇಳಾಕತ್ತಿಲ್ಲ. ಬಾಗಲಾ ಹಾಕ್ಕೊಂಡು ಮಾಡಿ ನೋಡೀನಿ. ಕೈ ತಲಿ ಮ್ಯಾಲ ಹೋದ ಕೂಡ್ಲೇ ನಿನ್ನ ಮಾರಿ ಕಾಣತೈತಿ. ನೀನ ಅಲ್ಲೇನು ನನ್ನ ಕನ್ನಡಿ?”

ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹ್ಞೂಂ ಎಂದಳು, ಆಮೇಲೆ ದನಿ ತಗ್ಗಿಸಿ, “ಅವ್ವಗ ಹೇಳಬ್ಯಾಡ. ಈ ಊರಾಗ ನನಗ ಒಬ್ಬಾಕಿ ಗೆಳತಿ ಸಿಕ್ಕಿದ್ಲು ಅಂತ ಇನ್ನೂ ಹೇಳ್ಕೊಂಡು ಅಡ್ಡಾಡತಾಳ. ಆಕಿಗಿ ಅದೊಂದು ಇರಲಿ,” ಎಂದಳು.

ಅಷ್ಟರಲ್ಲಿ ಅವ್ವ ಸೊಪ್ಪಿನ ಚೀಲ ಹಿಡಿದು ಬಂದರು. ಅವರ ಕುತ್ತಿಗೆ ಈಗ ತಿರುಗುವುದಿಲ್ಲ. ನನ್ನನ್ನು ನೋಡಲು ಇಡೀ ಮೈಯನ್ನೇ ತಿರುಗಿಸಿದರು. “ಯವ್ವಾ! ಬಂದೆಲ್ಲಾ ಕಡೀಗೂ!” ಬೇಡವೆಂದರೂ ಕೇಳದೆ ಕೂರಿಸಿ ತಟ್ಟೆ ಇಟ್ಟರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರುತ್ತ, “ನೀನರ ಈಕಿಗಿ ಬುದ್ಧಿ ಹೇಳವ್ವಾ. ನಿನ್ನ ಮಾತು ಕೇಳತಾಳ. ಎಷ್ಟು ಚಂದ ಕುಣಿತಿದ್ಲು, ನೀ ಕಲಿಸಿದ್ದೆಲ್ಲಾ ಮರತು ಕುಂತಾಳ,” ಎಂದರು.

ನಾನು ಹುಲಿಗಿಯತ್ತ ನೋಡಿದೆ. ಅವಳು ಸೀರೆಯಿಂದ ಕಣ್ಣೆತ್ತಲಿಲ್ಲ. ಹೇಳಬೇಡ ಎಂದಿದ್ದಳು. ಆದರೂ ಇಷ್ಟನ್ನಾದರೂ ಹೇಳದೆ ಆ ರೊಟ್ಟಿ ತಿನ್ನುವುದು ನನ್ನಿಂದ ಆಗುವಂತಿರಲಿಲ್ಲ.

“ನಾನ್ ಕಲ್ಸಿದ್ದಲ್ಲ ಅಮ್ಮ. ಅವಳೇ ನಂಗೆ ಕಲ್ಸಿದ್ದು.”

ಅವ್ವ ನಕ್ಕರು. ಕಣ್ಣು ತುಂಬಿ ಬಂತು ಅವರಿಗೆ. “ನೋಡು ಹುಲಿಗಿ, ಎಷ್ಟು ದೊಡ್ಡ ಗುಣ ಈ ಹುಡುಗಿದು,” ಎಂದು ಮಗಳಿಗೆ ಹೇಳಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಹುಲಿಗಿ ಮಷೀನಿನ ಗಾಲಿ ತಿರುಗಿಸಿ ಹೊಲಿಗೆ ಮುಂದುವರಿಸಿದಳು. ನಾನು ಆ ರೊಟ್ಟಿಯನ್ನೂ ತಿಂದೆ.